ಅತ್ತೆಮ್ಮನ ಮುಖಕ್ಕೆ ಬರದ ತಂಪು ಗಾಳಿ

ನಮ್ಮನೇಲಿ ಒಂದು ಹಳೇ ಕಾರೈತೆ. ವಿದೇಶದ ಕಂಪನೀದು, ಡೀಸೆಲ್ಲು, ವಯಸ್ಸು ಮೂವತ್ತರ ಹತ್ರ. ದುಡ್ಡು ಕೊಟ್ಟು ಅಂಥಾ ಕಾರು ತಗೊಳ್ಳೋ ಪೈಕಿ ನಾವಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ವ್ಯವಹಾರ ಮಾಡ್ತಿದ್ದಾಗ ಒಬ್ಬರಿಂದ ಬರಬೇಕಿದ್ದ ಬಾಕಿ ಬರಲೇ ಇಲ್ಲ, ಬದಲಿಗೆ ಇದು ಬಂತು. ಹಣಕ್ಕೆ ಹಣ ಹೋಯ್ತು, ಬಾಗಿಲಿಗೆ ಆನೆ ಬಂತು ಅಂತ ನಾನು ಆವತ್ತೇ ಅಂದಿದ್ದೆ. ಆದ್ರೆ ಅತ್ತೆಮ್ಮಂಗೆ ಆ ಕಾರಿನ ಹಿಂದಿನ ಸೀಟೇ ಆಗಬೇಕು. ಕಾಲು ಚಾಚ್ಕೊಂಡು ಮಲಗಬಹುದು ನೋಡಿ, ಅದಕ್ಕೆ.

ಅತ್ತೆಮ್ಮಂಗೆ ಎಂಬತ್ತೆರಡು. ಹದಿನೈದು ದಿನಕ್ಕೊಂದ್ಸಲ ಬೆಂಗಳೂರಿಗೆ ತೋರಿಸೋಕೆ ಕರ್ಕೊಂಡು ಹೋಗಬೇಕು. ಹೋದ ಏಪ್ರಿಲ್ಲಲ್ಲಿ ಹೊಸಕೋಟೆ ಹತ್ರ ಗಾಡಿಗಳೆಲ್ಲ ಸಾಲಾಗಿ ನಿಂತ್ಬಿಟ್ವು. ಬಿಸಿಲು ಅಂದ್ರೆ ಹೆಂಚಿನ ಮೇಲೆ ಕೂತಂಗೆ. ಎಸಿ ಓಡ್ತಾ ಐತೆ, ಗಾಳಿ ಸದ್ದೂ ಬರ್ತಾ ಐತೆ, ಆದ್ರೆ ಆ ತಂಪೆಲ್ಲ ಮುಂದಿನ ಗಾಜಿಗೆ ಹೋಗ್ತದೆ! ಗಾಜು ಮುಟ್ಟಿದ್ರೆ ತಣ್ಣಗೆ, ಅತ್ತೆಮ್ಮನ ಹಣೆ ಮುಟ್ಟಿದ್ರೆ ಬೆವರು. ಎಲ್ಲಾರೂ ನೋಡ್ತಾ ಇದ್ದಂಗೆ ಅವ್ರು ಕಣ್ಣು ಮೇಲೆ ಮಾಡಿಬಿಟ್ರು. ನೀರು ಚಿಮುಕಿಸಿ, ಸೆರಗಲ್ಲಿ ಗಾಳಿ ಬೀಸಿ ಎಚ್ಚರ ಮಾಡ್ದೆ. ಆ ಅರ್ಧ ಗಂಟೆ ನೆನೆಸಿಕೊಂಡ್ರೆ ಈಗ್ಲೂ ಕೈ ನಡುಗ್ತದೆ.

ಬೆಂಗಳೂರಿನ ಒಂದು ವರ್ಕ್‌ಶಾಪಲ್ಲಿ ಕೇಳಿದ್ವಿ. ಡ್ಯಾಶ್‌ಬೋರ್ಡೇ ಬಿಚ್ಚಬೇಕು, ಎಪ್ಪತ್ತು ಸಾವಿರ ಅಂದ್ರು. ನನ್ನ ಮಗ "ಗುಜರಿಗೆ ಹಾಕಮ್ಮ, ಸಾಕು" ಅಂದ. ಇನ್ನೊಬ್ಬರು ಒಳಗಡೆ ತಂತಿ ಕಟ್ಟಿ ಗಾಳಿ ಮುಂದಕ್ಕೇ ಬರೋಹಂಗೆ ಮಾಡ್ತೀನಿ ಅಂದ್ರು. ಕೊನೆಗೆ ನಮ್ಮೆಜಮಾನ್ರು ಮುಳಬಾಗಿಲಿನ ಒಬ್ಬ ಹಳೇ ಮೆಕ್ಯಾನಿಕ್ ಸಾಬರನ್ನ ಕರೆಸಿದ್ರು. ಅವ್ರು ಬಂದು ಮೊದಲು ಕೇಳಿದ್ದು ಎಸಿ ವಿಷಯವೇ ಅಲ್ಲ. "ಅಮ್ಮಾ, ಕೀ ತಿರುಗಿಸಿದ್ ತಕ್ಷಣ ಇಂಜಿನ್ ನಿಲ್ತದಾ?" ಅಂದ್ರು.

ನಿಲ್ತಾ ಇರ್ಲಿಲ್ಲ. ಕೀ ತೆಗೆದ ಮೇಲೂ ಐದಾರು ಸಲ ಗಡಗಡ ಅಂದು ಆಮೇಲೆ ನಿಲ್ತಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ ಭಾಯ್ ಅಂತ ಕೇಳಿದೆ. "ಎರಡಕ್ಕೂ ಒಂದೇ ಉಸಿರು ಅಮ್ಮಾ, ವ್ಯಾಕಮ್ಮು" ಅಂದ್ರು.

ಅಲ್ಲಿಂದ ನನಗೆ ಇದರ ಹುಚ್ಚು ಹಿಡೀತು. ಪಿಯುಸಿ ಫಿಸಿಕ್ಸು ಮರೆತು ಮೂವತ್ತೈದು ವರ್ಷ ಆಗಿತ್ತು, ಆದ್ರೂ ತಿಳ್ಕೊಂಡೆ. ಪೆಟ್ರೋಲ್ ಇಂಜಿನ್ನು ಗಾಳಿ ಎಳ್ಕೊಳ್ತದೆ, ದಾರೀಲಿ ಆಕ್ಸಿಲೇಟರ್ ತಟ್ಟೆ ಅಡ್ಡ ಇರ್ತದೆ, ಅದರ ಹಿಂದೆ ಗಾಳಿ ಕಮ್ಮಿಯಾಗಿ ಎಳೆತ ಹುಟ್ತದೆ. ಆ ಎಳೆತ ಪುಕ್ಕಟೆ. ಹಿಂದಿನ ಕಾಲದಲ್ಲಿ ಅದನ್ನ ಎಲ್ಲಕ್ಕೂ ಬಳಸ್ತಿದ್ರು. ಸ್ವಾತಂತ್ರ್ಯ ಬಂದ ಮೇಲೆ ಮಹೀಂದ್ರದವರು ಇಲ್ಲಿ ಜೋಡಿಸೋಕೆ ಶುರು ಮಾಡಿದ ವಿಲ್ಲಿಸ್ ಜೀಪುಗಳ ವೈಪರ್ರೂ ಅದರಿಂದ್ಲೇ ಆಡ್ತಿತ್ತು. ನಮ್ಮಪ್ಪನ ಸ್ನೇಹಿತರ ಜೀಪಲ್ಲಿ ಪಲಮನೇರು ದಾಟಿ ಮೊಗಿಲಿ ಘಾಟಲ್ಲಿ ಮಳೆಗೆ ಸಿಕ್ಕಿದ್ದು ನೆನಪೈತೆ. ಏರು ಹತ್ತೋಕೆ ಆಕ್ಸಿಲೇಟರ್ ಒತ್ತಿದ್ರೆ ವೈಪರ್ರು ನಿದ್ದೆ ಹೋಗ್ತಿತ್ತು, ಕಾಲು ತೆಗೆದ್ರೆ ಎಚ್ಚರ ಆಗ್ತಿತ್ತು. ಒತ್ತಿದಾಗ ತಟ್ಟೆ ತೆರ್ಕೊಂಡು ಎಳೆತ ಕಮ್ಮಿ ಆಗ್ತದೆ, ಅಷ್ಟೇ. ಆವತ್ತು ನಾವು ಜೀಪಿಗೆ ದೆವ್ವ ಹಿಡಿದೈತೆ ಅಂದ್ಕೊಂಡಿದ್ವಿ.

ಡೀಸೆಲ್ ಇಂಜಿನ್ನಲ್ಲಿ ಆ ಅಡ್ಡ ತಟ್ಟೆ ಇರಲ್ಲ, ಹಾಗಾಗಿ ಎಳೆತಕ್ಕೆ ಅಂತ್ಲೇ ಒಂದು ಪಂಪು ಇಟ್ಟಿರ್ತಾರೆ. ಬ್ರೇಕು ಹಗುರ ಮಾಡೋದು, ಇಂಜಿನ್ ಆರಿಸೋದು, ಎಸಿ ಗಾಳಿಗೆ ದಾರಿ ತೋರಿಸೋದು, ಎಲ್ಲಾ ಅದರಿಂದ್ಲೇ. ಒಂದು ಕಡೆ ಸೋರಿದ್ರೆ ಇನ್ನೊಂದು ಕಡೆ ಕುಂಟ್ತದೆ. ರೈಲಿನಲ್ಲಿ ಚೈನ್ ಎಳೆದ್ರೆ ಗಾಡಿ ನಿಲ್ತಿದ್ದದ್ದೂ ಇದೇ ಲೆಕ್ಕ. ಉದ್ದಕ್ಕೂ ಗಾಳಿ ಎಳೆದಿಟ್ಟ ಪೈಪು, ಚೈನ್ ಎಳೆದ್ರೆ ಹೊರಗಿನ ಗಾಳಿ ಒಳಗೆ ನುಗ್ಗಿ ಬ್ರೇಕು ಹಿಡೀತಿತ್ತು.

ನಮ್ಮ ಕೋಲಾರದವರಿಗೆ ಎಳೆತ ಅಂದ್ರೆ ಹೊಸದೇನಲ್ಲ. ನಮ್ಮ ತಾತನ ಕಾಲದಲ್ಲಿ ಕಪಿಲೆ ಇತ್ತು. ಎತ್ತು ಹೂಡಿ ಬಾನಿಯಲ್ಲಿ ನೀರು ಎತ್ತೋದು, ಬಾವಿ ಎಷ್ಟು ಆಳ ಇದ್ರೂ ಹಗ್ಗ ಉದ್ದ ಇದ್ರೆ ಸಾಕು. ಕರೆಂಟು ಮೋಟ್ರು ಬಂದ ಮೇಲೆ ತಕರಾರು ಶುರುವಾಯ್ತು. ಮೇಲೆ ಕೂತ ಮೋಟ್ರು ನೀರನ್ನ ಎಳೆಯೋದಲ್ಲ, ಪೈಪಿನ ಗಾಳಿ ತೆಗೀತದೆ, ಬಾವಿಯೊಳಗಿನ ನೀರಿನ ಮೇಲೆ ಕೂತಿರೋ ಗಾಳಿಯೇ ನೀರನ್ನ ಮೇಲಕ್ಕೆ ತಳ್ತದೆ. ಆ ಗಾಳಿ ತಳ್ಳೋದು ಸಮುದ್ರದ ಮಟ್ಟದಲ್ಲಿ ಹೆಚ್ಚೆಂದ್ರೆ 34 ಅಡಿ. ಇಟಲಿಯ ಟೊರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆ ಇಟ್ಟು ತೋರಿಸಿದ್ದು ಇದನ್ನೇ. ನಮ್ಮೂರು ಸಮುದ್ರಕ್ಕಿಂತ ಸುಮಾರು 2,700 ಅಡಿ ಎತ್ತರದಲ್ಲಿ ಐತೆ, ಇಲ್ಲಿ ಗಾಳಿ ಹಗುರ, ಲೆಕ್ಕಕ್ಕೆ 30 ಅಡಿ, ಕೆಲಸಕ್ಕೆ ಅದಕ್ಕೂ ಕಮ್ಮಿ. ನೀರು ಕೆಳಗೆ ಹೋದಂಗೆಲ್ಲ ನಮ್ಮಪ್ಪ ಬಾವಿಯೊಳಗೆ ತೊಲೆ ಹಾಕಿ ಮೋಟ್ರನ್ನೇ ಕೆಳಗೆ ಇಳಿಸ್ತಾ ಹೋದ್ರು. ಪೈಪಿನ ಕೀಲಲ್ಲಿ ಕೂದಲೆಳೆ ಸಂದಿ ಇದ್ರೂ ನೀರು ಹತ್ತಲ್ಲ. ಅದಕ್ಕೆ ಸೈಕಲ್ ಟ್ಯೂಬು ಸುತ್ತಿ, ಫುಟ್‌ವಾಲಿಗೆ ನೀರು ತುಂಬಿಸಿ ತುಂಬಿಸಿ ಅಮ್ಮನ ಸೊಂಟ ಬಿದ್ದುಹೋಯ್ತು. ಈಗ ಬಾವಿ ಎಲ್ಲೈತೆ? ಸಾವಿರ ಅಡಿಗೂ ಆಳ ಬೋರು, ಕೆಳಗಡೆಯಿಂದ ತಳ್ಳೋ ಮೋಟ್ರು.

ಗಾಳಿ ತಣ್ಣಗೆ ಮಾಡೋದೂ ನಮ್ಮ ಜಿಲ್ಲೆಗೆ ಹಳೇದೇ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಅಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಸುಡ್ತಿತ್ತು, ಮೇಲಿಂದ ತಂಪು ಮಾಡಿದ ಗಾಳಿ ಕಳಿಸದೆ ಅಲ್ಲಿ ಮನುಷ್ಯ ನಿಲ್ಲೋಹಂಗೇ ಇರ್ಲಿಲ್ಲ. ಆ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಕಾರಿಗೆ ಎಸಿ ಬಂದದ್ದು 1939ರಲ್ಲಿ, ಅಮೆರಿಕದ ಪ್ಯಾಕಾರ್ಡ್ ಕಂಪನಿಯಿಂದ. ಅರ್ಧ ಡಿಕ್ಕಿ ಅದಕ್ಕೇ ಬೇಕಿತ್ತಂತೆ. ಸಾಕು ಅನ್ನಿಸಿದ್ರೆ ಗಾಡಿ ನಿಲ್ಲಿಸಿ, ಬಾನೆಟ್ ತೆಗೆದು ಬೆಲ್ಟು ಬಿಚ್ಚಬೇಕಿತ್ತು! 1964ರಲ್ಲಿ ಕ್ಯಾಡಿಲಾಕ್‌ನವರು ಇಷ್ಟು ಡಿಗ್ರಿ ಅಂತ ತಿರುಗಿಸಿಟ್ರೆ ತಾನೇ ನೋಡ್ಕೊಳ್ಳೋದನ್ನ ತಂದ್ರು, ಅದರ ಒಳಗಡೆ ಬಾಗಿಲು ತಳ್ಳೋ ಕೆಲಸ ವ್ಯಾಕಮ್ಮಿಂದು. ನಮ್ಮ ಕಡೆ ಅಂಬಾಸಡರಿಗೆ ಡ್ಯಾಶ್‌ಬೋರ್ಡ್ ಕೆಳಗೆ ತೂಗುಹಾಕ್ತಿದ್ದ ಎಸಿ ಡಬ್ಬಿಗೆ ಈ ರಗಳೆ ಇರ್ಲಿಲ್ಲ. ಎದುರಿಗೆ ಕೂತೋರಿಗೆ ಗಾಳಿ, ಮಿಕ್ಕೋರಿಗೆ ಪುಣ್ಯ.

ನಮ್ಮ ಕಾರಿನ ಒಳಗೆ ಇರೋದು ಹೀಗೆ. ಗಾಳಿ ಹೋಗೋ ದಾರೀಲಿ ಪುಟ್ಟ ಪುಟ್ಟ ಬಾಗಿಲು. ಒಂದೊಂದಕ್ಕೂ ಕುಂಕುಮದ ಡಬ್ಬಿಯಷ್ಟು ಒಂದು ಡಬ್ಬಿ, ಅದರೊಳಗೆ ರಬ್ಬರ್ ಪೊರೆ. ಸಣ್ಣ ನಳಿಕೆಯಿಂದ ಎಳೆತ ಬಂದ್ರೆ ಪೊರೆ ಹಿಂದಕ್ಕೆ ಹೋಗಿ ಬಾಗಿಲು ತೆರೀತದೆ, ಎಳೆತ ನಿಂತ್ರೆ ಸ್ಪ್ರಿಂಗು ವಾಪಸ್ ತಳ್ತದೆ. ಎಳೆತ ಪೂರಾ ಕೈಕೊಟ್ರೆ ಗಾಳಿ ಗಾಜಿಗೇ ಹೋಗೋಹಂಗೆ ಬೇಕಂತ್ಲೇ ಮಾಡವ್ರೆ, ಯಾಕಂದ್ರೆ ಗಾಜು ಮಂಜು ಕಟ್ಟಿದ್ರೆ ಓಡಿಸೋನಿಗೆ ದಾರಿ ಕಾಣಲ್ಲ. ಇದು ತಿಳಿದ ಮೇಲೆ ನಾನು ತಂತಿ ಕಟ್ಟೋದು ಬೇಡವೇ ಬೇಡ ಅಂದೆ. ನವೆಂಬರ್ ಜಡಿಮಳೇಲಿ ರಾತ್ರಿ ಬರೋದು ನಾವೇ ತಾನೆ?

ಸಾಬರು ಮೊದಲು ಎಸಿ ಕಡೆ ಹೋಗೋ ನಳಿಕೆ ಕಿತ್ತು, ಅದರ ಬಾಯಿಗೆ ಒಂದು ಸ್ಕ್ರೂ ತುರುಕಿದ್ರು. ಕೀ ತಿರುಗಿಸಿದ್ರೆ ಇಂಜಿನ್ನು ಟಕ್ ಅಂತ ನಿಂತ್ಹೋಯ್ತು. ಅಂದ್ರೆ ಸೋರ್ತಿರೋದು ಎಸಿ ಕಡೇನೇ. ಆಮೇಲೆ ಮುಳ್ಳಿರೋ ಕೈಪಂಪು ತಗೊಂಡು ಒಂದೊಂದೇ ಬಣ್ಣದ ನಳಿಕೆಗೆ ಹಾಕಿ ಎಳೆದ್ರು. ಮುಳ್ಳು ಏರಿ ಅಲ್ಲೇ ನಿಂತ್ರೆ ಆ ಡಬ್ಬಿ ಸರಿ, ಇಳಿದ್ರೆ ಹರಿದೈತೆ. ಎರಡು ಇಳಿದವು. ಎದುರಿಗೆ ಗಾಳಿ ಬಿಡೋ ನಡುವಿನ ಡಬ್ಬೀದಂತೂ ಏರಲೇ ಇಲ್ಲ.

ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾಯ್ತು, ವರ್ಕ್‌ಶಾಪಿನವರು ಅದರಲ್ಲಿ ಸುಳ್ಳು ಹೇಳಿರ್ಲಿಲ್ಲ. ನಮ್ಮ ಹುಣಸೆ ಮರದ ಕೆಳಗೆ ಮೂರು ದಿನ. ಸ್ಕ್ರೂಗಳು ಕಲಸಿಹೋಗ್ತವೆ ಅಂತ ನಾನು ಇಡ್ಲಿ ತಟ್ಟೆ ತಂದುಕೊಟ್ಟೆ, ಒಂದೊಂದು ಕುಳೀಗೆ ಒಂದೊಂದು ಜಾಗದ್ದು. ಭಾಯ್ ನಕ್ಕರು, ಆದ್ರೆ ಜೋಡಿಸೋವಾಗ ಒಂದೂ ಮಿಗಲಿಲ್ಲ. ಬಿಚ್ಚಿದ ಡಬ್ಬಿಯ ಪೊರೆ ನೋಡಿದೆ, ಹಳೇ ಕುಕ್ಕರ್ ಗ್ಯಾಸ್ಕೆಟ್ಟಿನ ಥರ ಒಣಗಿ ಮಡಿಕೆ ಮಡಿಕೆಗೂ ಬಿರುಕು. ಹೊಸದು ಬಲು ದುಬಾರಿ. ನಮ್ಮೆಜಮಾನ್ರು ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ, ಆಮೇಲೆ ಶಿವಾಜಿನಗರದ ಗುಜರೀಲಿ ಒಂದು ಹಿಡಿದ್ರು. ಅಂಗಡೀಲೇ ನಳಿಕೆ ಬಾಯಿಗಿಟ್ಟು ಎಳೆದು, ನಾಲಿಗೆ ಅಡ್ಡ ಹಿಡಿದು ಹತ್ತು ಎಣಿಸಿದ್ರಂತೆ. ನಾಲಿಗೆ ಅಂಟ್ಕೊಂಡೇ ಇತ್ತು, ದುಡ್ಡು ಕೊಟ್ರು. ಕೂಲಿ ಎಲ್ಲಾ ಸೇರಿ ಹದಿಮೂರು ಸಾವಿರಕ್ಕೆ ಮುಗೀತು.

ಮೇ ತಿಂಗಳ ಮೊದಲ ಸಲ ಹೊರಟಾಗ ನಾನು ಅತ್ತೆಮ್ಮನ ಮುಖವನ್ನೇ ನೋಡ್ತಾ ಕೂತಿದ್ದೆ. ನರಸಾಪುರ ದಾಟೋ ಹೊತ್ತಿಗೆ ಸೆರಗು ಹೊದ್ಕೊಂಡು "ಅದನ್ನ ಒಂಚೂರು ಕಮ್ಮಿ ಮಾಡ್ಸೇ" ಅಂದ್ರು. ಕಾಲಿನ ಹತ್ರದ ಇನ್ನೊಂದು ಡಬ್ಬಿ ಮಾತ್ರ ಸಿಕ್ಕಿಲ್ಲ. ಅದರ ನಳಿಕೆಗೆ ಸ್ಕ್ರೂ ಹಾಕಿ ಮುಚ್ಚವ್ರೆ. ಗುಜರಿಯವರು ಬಂದ್ರೆ ಎತ್ತಿಡ್ತೀವಿ ಅಂದವ್ರೆ, ತಿಂಗಳಿಗೊಂದ್ಸಲ ಫೋನ್ ಮಾಡ್ತಾ ಇದ್ದೀವಿ.