ಗಡಿಗೆಯೊಳಗಿನ ಬೇಸ್

ನನ್ನ ಮೊದಲ ಸ್ಪೀಕರ್ ಪ್ರಾಜೆಕ್ಟಿಗೆ ಬಲಿಯಾದದ್ದು ಎರಡು ವಸ್ತು: ಅಜ್ಜಿಯ ಮಜ್ಜಿಗೆ ಗಡಿಗೆ, ಅಪ್ಪನ ರೇಡಿಯೋ. ಆಗ ನಾನು ಏಳನೇ ಕ್ಲಾಸು. ತಿಪಟೂರು ಕಡೆಯ ನಮ್ಮೂರಲ್ಲಿ ಹುಡುಗರಿಗೆಲ್ಲ ಒಂದು ಗುಟ್ಟು ಗೊತ್ತಿತ್ತು. ಬರೀ ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡು ಹಾಕಿದ್ರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ. ಅದನ್ನೇ ಗಡಿಗೆಯ ಬಾಯಿಗೆ ಕೂರಿಸಿದ್ರೆ ಧಂ ಧಂ ಅನ್ನುತ್ತೆ. ಚಿಕ್ಕಪ್ಪನ ಟೇಪ್‌ರೆಕಾರ್ಡರ್ ಇತ್ತು, ಗಡಿಗೆ ಇತ್ತು. ಸ್ಪೀಕರ್ ಇರಲಿಲ್ಲ. ರೇಡಿಯೋ ಬಿಚ್ಚಿದೆ.

ಅಜ್ಜಿ ಒಂದು ದಿನ ಬೈದು ಮರೆತಳು, "ಸಂತೇಲಿ ಇನ್ನೊಂದು ಗಡಿಗೆ ಸಿಕ್ತದೆ ಬಿಡು" ಅಂದಳು. ಅಪ್ಪ ಬೈಯಲೇ ಇಲ್ಲ. ಆ ರೇಡಿಯೋ ಅವರ ಮದುವೆಯಲ್ಲಿ ಮಾವನ ಮನೆಯವರು ವಾಚು, ಸೈಕಲ್ಲಿನ ಜೊತೆ ಕೊಟ್ಟಿದ್ದು. ಸ್ಪೀಕರನ್ನು ವಾಪಸ್ ಕೂರಿಸುವಾಗ ಸ್ಕ್ರೂಡ್ರೈವರ್ ಜಾರಿ ಕೋನಿನ ಕಾಗದ ಹರಿದಿತ್ತು. ವಾರ್ತೆ ಓದುವವರ ದನಿ ಹರಿದ ಪಂಚೆ ಗಾಳಿಗೆ ಬಡಿದ ಹಾಗೆ ಪರಪರ ಅನ್ನತೊಡಗಿತು. ಮರುದಿನದಿಂದ ಅಪ್ಪ ಕಾಫಿ ಲೋಟ ಹಿಡಕೊಂಡು ಬೆಳಗಿನ ವಾರ್ತೆಗೆ ಪಕ್ಕದ ಮನೆ ಜಗಲಿಗೆ ಹೋಗೋಕೆ ಶುರು ಮಾಡಿದರು. ತಿಂಗಳುಗಟ್ಟಲೆ ಹೋದರು. ಈ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ.

ಈಗ ಬಿಟಿಎಂ ಲೇಔಟಿನ ಬಾಡಿಗೆ ಮನೆಯ ಹಾಲಿನಲ್ಲಿ ನಾಲ್ಕು ಹಳೇ ಸ್ಪೀಕರ್ ಡಬ್ಬಗಳಿವೆ. ಎರಡು ಫಿಲಿಪ್ಸ್, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿ ತಂದಿದ್ದು. ಇನ್ನೆರಡು ಸೋನೋಡೈನ್, ಜಯನಗರದ ಹಿರಿಯ ದಂಪತಿ ಮನೆ ಖಾಲಿ ಮಾಡುವಾಗ "ತಗೊಂಡು ಹೋಗಪ್ಪ, ಇಲ್ಲಾಂದ್ರೆ ಗುಜರಿಗೇ" ಅಂತ ಕೊಟ್ಟಿದ್ದು. ಫಿಲಿಪ್ಸಿನ ಎಂಟಿಂಚಿನ ವೂಫರ್ ಚೆನ್ನಾಗಿತ್ತು, ಆದರೆ ಸುತ್ತಲಿನ ಸ್ಪಾಂಜು ಮುಟ್ಟಿದರೆ ಪುಡಿ. ಸೋನೋಡೈನಿನ ಡಬ್ಬ ಬಾಲ್ಕನಿಯ ಮಳೆಗೆ ಊದಿಕೊಂಡಿತ್ತು, ಟ್ವೀಟರ್ ಮಾತ್ರ ಜೀವಂತ. ಒಂದರ ದೇಹಕ್ಕೆ ಇನ್ನೊಂದರ ಗಂಟಲು ಜೋಡಿಸೋದು ಅಂತ ತೀರ್ಮಾನವಾಯಿತು. ಬಿಚ್ಚುತ್ತಾ ಕೂತಾಗ ಬಂದ ಪ್ರಶ್ನೆ: ಈ ಡಬ್ಬಗಳು ಈ ಮನೆಗಳಿಗೆ ಬಂದಿದ್ದಾದರೂ ಹೇಗೆ?

ಶುರುವಿನಿಂದ ಹೇಳಬೇಕಂದ್ರೆ ಮೈಸೂರಿಗೆ ಹೋಗಬೇಕು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಇಡೀ ದೇಶದ್ದಾಗುವ ಮೊದಲು ಆ ಮನೆಯದ್ದಾಗಿತ್ತು. ಬೆಂಗಳೂರಿಗೆ ನಿಲಯ ಬಂದದ್ದು 1955ರ ನವೆಂಬರ್ 2ಕ್ಕೆ. ಕೇಳಲಿಕ್ಕೆ ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿಗೆ ಹೋಗಿ ವರ್ಷಾವರ್ಷ ದುಡ್ಡು ಕಟ್ಟಬೇಕು. ಎಂಬತ್ತರ ದಶಕದ ಮಧ್ಯದವರೆಗೂ ಈ ಪದ್ಧತಿ ಇತ್ತು. ನೆಟ್‌ಫ್ಲಿಕ್ಸ್ ಪಾಸ್‌ವರ್ಡ್ ಹಂಚಿಕೊಳ್ಳುವ ನಮಗೆ ಇದು ತಮಾಷೆ ಅನ್ನಿಸಬಹುದು, ಪಕ್ಕದ ಮನೆ ಜಗಲಿ ಅವತ್ತೂ ಅದೇ ಕೆಲಸ ಮಾಡುತ್ತಿತ್ತು.

ಆ ಕಾಲದ ರೇಡಿಯೋಗೆ ಒಂದೇ ಸ್ಪೀಕರ್ ಸಾಕಾಗಿತ್ತು. ಮೀಡಿಯಂ ವೇವ್ ಹೊತ್ತು ತರುವುದೇ ಸುಮಾರು 5 ಕಿಲೋಹರ್ಟ್ಜ್‌ವರೆಗಿನ ದನಿ. ತಾಳದ ಕಿಣಿಕಿಣಿ ಅದರಾಚೆಗಿದೆ. ಬರದೇ ಇರೋ ದನಿಗೆ ಟ್ವೀಟರ್ ಯಾಕೆ?

ಇನ್ನೊಂದು ಕಡೆ ಜಾಲಹಳ್ಳಿಯಲ್ಲಿ 1954ರಲ್ಲಿ ಬಿಇಎಲ್ ಹುಟ್ಟಿತು. 1961ರಲ್ಲಿ ರೇಡಿಯೋ ವಾಲ್ವ್, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್. ಇದು ನನಗೆ ಬಹಳ ಇಷ್ಟವಾದ ವಿಷಯ. ಸಾಫ್ಟ್‌ವೇರಿಗೆ ಮುಂಚೆಯೂ ಈ ಊರಲ್ಲಿ ಟ್ರಾನ್ಸಿಸ್ಟರ್ ತಯಾರಾಗುತ್ತಿತ್ತು, ಸೋಲ್ಡರಿಂಗ್ ಐರನ್ ಹಿಡಿಯೋಕೆ ಬರುವವರು ಇದ್ದರು. ದಿಲ್ಲಿಯಿಂದ 1969ರಲ್ಲಿ 'ಎಲೆಕ್ಟ್ರಾನಿಕ್ಸ್ ಫಾರ್ ಯೂ' ಪತ್ರಿಕೆ ಶುರುವಾಯಿತು. ಕಲ್ಕತ್ತದಲ್ಲಿ 1970ರಲ್ಲಿ ಸೋನೋಡೈನ್ ಆರಂಭವಾಯಿತು. ವಿದೇಶಿ ಸ್ಟೀರಿಯೋ ತರಿಸೋಣ ಅಂದ್ರೆ ಆಮದಿನ ನಿರ್ಬಂಧ, ಸುಂಕ. ಗಲ್ಫಿಗೆ ಹೋದವರು ತಂದ ನ್ಯಾಷನಲ್ ಪ್ಯಾನಾಸೋನಿಕ್ ಟು-ಇನ್-ಒನ್ ನೋಡಿ ಕಣ್ಣು ತಂಪು ಮಾಡಿಕೊಳ್ಳಬೇಕು, ಅಷ್ಟೇ. ಉಳಿದವರಿಗೆ ಎಸ್.ಪಿ. ರೋಡಿನ 'ಅಸೆಂಬಲ್ಡ್ ಸೆಟ್'. ಒಂದು ಜೊತೆ 2ಎನ್3055 ಟ್ರಾನ್ಸಿಸ್ಟರ್, ಒಂದು ಟ್ರಾನ್ಸ್‌ಫಾರ್ಮರ್, ಬಡಗಿ ಕೈಲಿ ಮಾಡಿಸಿದ ಪ್ಲೈವುಡ್ ಡಬ್ಬ, ಮೇಲೆ ಸನ್‌ಮೈಕಾ. ಶೋಕೇಸಿನ ಎರಡು ಬದಿಗೆ ಎರಡು ಡಬ್ಬ.

ಇವರು ಕೇಳಿದ್ದೇನು? 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು, ಸಂಗೀತ ಮೈಸೂರು ಅನಂತಸ್ವಾಮಿ. ಭಾವಗೀತೆ ಸಭಾಂಗಣದಿಂದ ಹಾಲಿಗೆ ಬಂದು ಕೂತಿತು. ಚಾಮರಾಜಪೇಟೆಯಲ್ಲಿ 1939ರಿಂದ ನಡೆಯುತ್ತಿರುವ ರಾಮೋತ್ಸವದ ಕಛೇರಿಗಳಲ್ಲಿ ಕಿವಿ ಪಳಗಿಸಿಕೊಂಡವರಿಗೆ ಬೇಸ್ ಅಂದ್ರೆ ಮೃದಂಗದ ಎಡಗಡೆ, ಅಷ್ಟೇ. ಅದು ಸರಿಯಾಗಿ ಕೇಳಿದರೆ ಸೆಟ್ ಒಳ್ಳೇದು. 1987ರಲ್ಲಿ ಹಂಸಲೇಖರ 'ಪ್ರೇಮಲೋಕ' ಬಂತು ನೋಡಿ, ಲೆಕ್ಕ ಬದಲಾಯಿತು. ಡ್ರಮ್ಸ್ ಕೇಳಬೇಕು, ಎದೆಗೆ ಬಡೀಬೇಕು! ಆಟೋಗಳ ಹಿಂದಿನ ಸೀಟಿನ ಬೆನ್ನಿಗೆ ಎರಡೆರಡು ಸ್ಪೀಕರ್ ಬಂದವು. ನಮ್ಮೂರಿನ ಗಡಿಗೆಗಳು ಬಾಯಿ ತೆರೆದದ್ದೂ ಇದೇ ಹಾಡುಗಳಿಗೆ.

ಗಡಿಗೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಸ್ಪೀಕರಿನ ಕೋನ್ ಮುಂದೆ ನೂಕಿದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ತೆಳುವಾಗುತ್ತದೆ. ತಗ್ಗಿನ ಸ್ವರಗಳಲ್ಲಿ ಇವೆರಡೂ ಅಂಚು ದಾಟಿ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಸೊಳ್ಳೆ ಗುಂಯ್ ಅನ್ನೋದು ಅದಕ್ಕೇ. ಹಿಂದಿನ ಗಾಳಿಯನ್ನು ಬಂಧಿಸಿದರೆ ಬೇಸ್ ಉಳಿಯುತ್ತದೆ. ಅಮೆರಿಕದ ಎಡ್ಗರ್ ವಿಲ್‌ಚರ್ 1954ರಲ್ಲಿ ಎಆರ್-1 ಅನ್ನೋ ಸ್ಪೀಕರ್ ತಂದು, ಮುಚ್ಚಿದ ಡಬ್ಬದೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿದ. ರಂಧ್ರವಿರುವ ಡಬ್ಬದ ಲೆಕ್ಕಾಚಾರವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ, ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದಲ್ಲಿ ಮುಂದುವರಿಸಿದ. ಗಡಿಗೆ ಇನ್ನೂ ಒಂದು ಹೆಜ್ಜೆ ಮುಂದಿದೆ ಅಂತ ನನ್ನ ವಾದ: ಸುಟ್ಟ ಮಣ್ಣು ಪ್ಲೈವುಡ್ಡಿನಷ್ಟು ಅದುರಲ್ಲ, ಒಳಗೆ ಎದುರುಬದುರು ಗೋಡೆಗಳಿಲ್ಲ. ಕುಂಬಾರರಿಗೆ ರಾಯಲ್ಟಿ ಹೋಗಬೇಕಿತ್ತು.

ಕೆಲಸದ ಕಥೆ ಬೇಗ ಹೇಳಿ ಮುಗಿಸ್ತೀನಿ. ಹೊಸ ಸ್ಪಾಂಜು ರಿಂಗ್ ತರಿಸಿ ಅಂಟಿಸಿದೆ. ವಾಯ್ಸ್ ಕಾಯಿಲ್ ಮಧ್ಯಕ್ಕೇ ಕೂರಬೇಕು, ಕೂದಲೆಳೆ ಸರಿದರೂ ಕರಕರ. ಟ್ವೀಟರಿಗೆ ತಗ್ಗಿನ ಸ್ವರ ಹೋಗದಂತೆ ತಡೆಯೋ ಹಳೇ ಕೆಪಾಸಿಟರುಗಳು ಒಣಗಿದ್ದವು; 4.7 ಮೈಕ್ರೋಫ್ಯಾರಡಿನ ಹೊಸದು ಹಾಕಿದೆ. 8 ಓಮಿನ ಟ್ವೀಟರಿಗೆ ಅಂದ್ರೆ ಸುಮಾರು 4,200 ಹರ್ಟ್ಜ್ ಹತ್ತಿರ ಭಾಗ. ಈಗ ಟ್ವೀಟರ್ ಕಿವಿ ಚುಚ್ಚತೊಡಗಿತು, ವೂಫರಿಗಿಂತ ಜೋರು. 2.2 ಓಮಿನ ರೆಸಿಸ್ಟರ್ ಒಂದನ್ನು ಮಧ್ಯೆ ಕೂರಿಸಿದ ಮೇಲೆ ತಣ್ಣಗಾಯಿತು. ಎಲ್ಲ ಆಯಿತು, ಬೇಸ್ ಮಾತ್ರ ಮಾಯ. ಎರಡು ರಾತ್ರಿ ತಲೆ ಕೆಡಿಸಿಕೊಂಡು, ಕೊನೆಗೆ ಎಸ್.ಪಿ. ರೋಡಿನ ಪಕ್ಕದ ಗಲ್ಲಿಯಲ್ಲಿ ರಿಪೇರಿ ಮಾಡೋ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಮೇಜಿನ ಡ್ರಾಯರಿನಿಂದ ಒಂದು ಟಾರ್ಚ್ ಸೆಲ್ ತೆಗೆದು ಕೊಟ್ಟರು.

"ಎರಡಕ್ಕೂ ಮುಟ್ಟಿಸಿ ನೋಡಿ ಸಾರ್. ಪ್ಲಸ್ಸು ಕೆಂಪಿಗೆ. ಒಂದು ಮುಂದೆ ಬರತ್ತೆ, ಒಂದು ಹಿಂದೆ ಹೋಗತ್ತೆ. ಬೆಟ್ ಕಟ್ತೀರಾ?"

ಹಾಗೇ ಆಯಿತು. ಒಂದು ವೂಫರಿಗೆ ವೈರ್ ತಿರುಗಾಮುರುಗಾ ಕೊಟ್ಟಿದ್ದೆ. ಎಡಬಲದ ಗಾಳಿ ಒಂದನ್ನೊಂದು ಅಳಿಸಿಹಾಕುತ್ತಿತ್ತು. ಏಳನೇ ಕ್ಲಾಸಿನ ಅದೇ ಪಾಠ, ಬಿಇ ಮುಗಿಸಿದ ಮೇಲೂ.

ಹಳೇದೆಲ್ಲ ಬಂಗಾರ ಅನ್ನೋ ಗುಂಪಿಗೆ ನಾನು ಸೇರಲ್ಲ. ಇದೇ ಬಜಾರಿನಲ್ಲಿ ಮೂರು ಸ್ಪೀಕರ್ ಕಾಣುವ ಇನ್ನೊಂದು ಹಳೇ ಡಬ್ಬ ತಂದಿದ್ದೆ, ಬಿಚ್ಚಿ ನೋಡಿದರೆ ಮೂರನೆಯದು ಬರೀ ಪ್ಲಾಸ್ಟಿಕ್ ಮುಖವಾಡ. ವರ್ಷಗಟ್ಟಲೆ ಯಾರೋ ಅದರಿಂದಲೂ ಹಾಡು ಕೇಳಿದ್ದಾರೆ. 1991ರ ನಂತರ ಅಂಗಡಿಗೆ ಬಂದ ಸೋನಿ, ಐವಾ ಸೆಟ್ಟುಗಳು ಇಂಥವನ್ನು ಓಡಿಸಿದ್ದರಲ್ಲಿ ಅನ್ಯಾಯವೇನಿಲ್ಲ. 2001ರಲ್ಲಿ ಬೆಂಗಳೂರಿಗೆ ದೇಶದ ಮೊದಲ ಖಾಸಗಿ ಎಫ್‌ಎಂ ಬಂತು, ರೇಡಿಯೋದಲ್ಲೂ ಟ್ವೀಟರಿಗೆ ಕೆಲಸ ಸಿಕ್ಕಿತು. ಹೋಗಿದ್ದು ಒಂದೇ: ಬಿಚ್ಚೋಕೆ ಆಗೋ ವಸ್ತು. ನನ್ನ ಬ್ಲೂಟೂತ್ ಸ್ಪೀಕರ್ ಕೆಟ್ಟಾಗ ಅದರ ಮೈಮೇಲೆ ಒಂದು ಸ್ಕ್ರೂ ಕೂಡ ಕಾಣಲಿಲ್ಲ.

ಹೋದ ದೀಪಾವಳಿಗೆ ಅಪ್ಪ ಬಂದರು. ಬರುವಾಗ ಆ ರೇಡಿಯೋ ತನ್ನಿ ಅಂತ ಹೇಳಿದ್ದೆ, ಯಾಕೆ ಅಂತ ಕೇಳದೆ ಬ್ಯಾಗಿಗೆ ಹಾಕಿಕೊಂಡು ಬಂದಿದ್ದರು. ಎಸ್.ಪಿ. ರೋಡಿನಿಂದ ನಾಲ್ಕಿಂಚಿನ ಸ್ಪೀಕರ್ ತಂದು ರಾತ್ರಿ ಕೂತು ಬೆಸುಗೆ ಹಾಕಿದೆ. ಬೆಳಿಗ್ಗೆ 612 ಕಿಲೋಹರ್ಟ್ಜಿಗೆ ತಿರುಗಿಸಿದರೆ ಹಾಲಿನಲ್ಲಿ ಬರೀ ಗೊರಗೊರ. ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಚಾರ್ಜರುಗಳ ಗಲಾಟೆ. ಅಪ್ಪ ಅದನ್ನೆತ್ತಿಕೊಂಡು ಬಾಲ್ಕನಿಗೆ ಹೋದರು. ವಾರ್ತೆ ಸ್ಪಷ್ಟವಾಗಿ ಬಂತು.

ಮುಗಿಯುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು. ಆಮೇಲೆ ಅವರು ಹಾಲಿಗೆ ಬಂದು ನನ್ನ ಬೆರಕೆ ಡಬ್ಬಗಳ ಎದುರು ಕೂತು 'ನಿತ್ಯೋತ್ಸವ' ಪೂರ್ತಿ ಕೇಳಿದರು.

"ಚೆನ್ನಾಗೈತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಅವತ್ತು ಗಡಿಗೇಲಿ ಬಂದಿದ್ದು ಇದಕ್ಕಿಂತ ಜೋರಾಗಿತ್ತು."

"ನೀವು ಕೇಳಿದ್ರಾ ಅಪ್ಪ?"

"ತೋಟದ ತನಕ ಕೇಳ್ತಿತ್ತು ಕಣಪ್ಪ" ಅಂದು, ಇನ್ನೊಂದು ಲೋಟ ಕಾಫಿ ಇದೆಯಾ ಅಂತ ಕೇಳಿದರು.