ಕೋರ ಪರಿಸರದ ಎಲಚಿ: ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ದಾನಶಾಸನಗಳು ಎಲ್ಲೆಯನ್ನು ಹೇಳುವಾಗ ಕೆರೆ, ಕಲ್ಲು, ಹುತ್ತಗಳೊಂದಿಗೆ ಮರಗಳನ್ನೂ ಗುರುತಾಗಿ ಹೆಸರಿಸುತ್ತವೆ. ಆದರೆ ಆ ಮರಗಳೊಡನೆ ಜನರು ನಡೆಸಿದ ಬಾಳುವೆ ಶಾಸನಗಳ ವಿಷಯವಲ್ಲ. ಅದನ್ನು ಹೆಸರು, ಆಚರಣೆ ಹಾಗೂ ನೆಲದ ಗುಣಗಳಿಂದಲೇ ತಿಳಿಯಬೇಕಾಗುತ್ತದೆ. ತುಮಕೂರು ತಾಲ್ಲೂಕಿನ ಕೋರ ಹೋಬಳಿಯಂತಹ ಬಯಲುಸೀಮೆಯ ಎಲಚಿ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಸಸ್ಯಶಾಸ್ತ್ರದಲ್ಲಿ ಜಿಜಿಫಸ್ ಮಾರಿಷಿಯಾನಾ ಎನಿಸಿದ ಈ ಮರಕ್ಕೆ ಕನ್ನಡದಲ್ಲಿ ಎರಡು ಹೆಸರುಗಳು ಪ್ರಸಿದ್ಧವಾಗಿವೆ. ‘ಎಲಚಿ’ ತಮಿಳಿನ ‘ಇಲಂದೈ’ಯೊಡನೆ ಜ್ಞಾತಿಪದ, ‘ಬೋರೆ’ ಸಂಸ್ಕೃತದ ‘ಬದರ’ದಿಂದ ಬಂದುದು. ಕುವಲ, ಕರ್ಕಂಧು, ಬದರ ಎಂಬ ಮೂರು ಬಗೆಗಳನ್ನು ಯಜುರ್ವೇದದ ಸೌತ್ರಾಮಣಿ ಪ್ರಕರಣವೇ ಬಲ್ಲದು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿಯೂ ಈ ಕುಲದ ಹಣ್ಣಿನ ಅವಶೇಷಗಳು ದೊರೆತಿವೆ. ಆರ್ಯ ಮೂಲದ ಹೆಸರಿನ ಜೊತೆಗೆ ದ್ರಾವಿಡ ಹೆಸರೂ ಉಳಿದು ಬಂದಿರುವುದು ಈ ನೆಲದ ಜನರಿಗೆ ಮರದ ಪರಿಚಯ ಪ್ರಾಚೀನವೆಂಬುದನ್ನು ಸೂಚಿಸುತ್ತದೆ.

ತುಮಕೂರು ಭಾಗದ ವಾರ್ಷಿಕ ಮಳೆ ಸುಮಾರು 600ರಿಂದ 700 ಮಿ.ಮೀ. ಎಲಚಿಗೆ ಇದು ಧಾರಾಳ. ಆಳಕ್ಕಿಳಿಯುವ ತಾಯಿಬೇರು ಕೆಳಪದರದ ತೇವವನ್ನು ಹೀರುತ್ತದೆ. ಕಡುಬೇಸಿಗೆಯಲ್ಲಿ ಮರವು ಎಲೆಯುದುರಿಸಿ ನೀರಿನ ವ್ಯಯವನ್ನು ತಡೆಯುತ್ತದೆ. ಕೆಂಪು ಮಣ್ಣು, ಕಲ್ಲುನೆಲ, ತುಸು ಚೌಳುನೆಲ ಯಾವುದಾದರೂ ಸರಿಯೆ. ಮಳೆಗೆ ಚಿಗುರಿದ ಹೊಸ ರೆಂಬೆಗಳಲ್ಲಿಯೇ ಹೂವು ಕಟ್ಟಿ, ಚಳಿಗಾಲದಲ್ಲಿ ಹಣ್ಣು ಮಾಗುತ್ತದೆ. ಆದುದರಿಂದ ಬೇಲಿಗಾಗಿ ಮುಳ್ಳುರೆಂಬೆ ಕಡಿದರೂ, ಆಡುಕುರಿಗಳಿಗಾಗಿ ಸೊಪ್ಪು ಸವರಿದರೂ ಮರ ಮತ್ತೆ ಚಿಗುರುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಕಾಸುಗಳನ್ನು ಎರೆದು ಆರತಿ ಎತ್ತುವ ಸಂಪ್ರದಾಯ ಈ ಋತುಕ್ರಮಕ್ಕೆ ಹೊಂದಿಕೊಂಡುದು. ಹಬ್ಬದ ವೇಳೆಗೆ, ನೀರುಣಿಸದೆ, ಹಣ ತೆರದೆ, ಬಡವರ ಮನೆಗೂ ಒದಗುತ್ತಿದ್ದ ಹಣ್ಣು ಇದು.

ಎಲಚಿಯ ನೆಲೆ ಖುಷ್ಕಿ ಹೊಲದ ಬದು ಮತ್ತು ಗೋಮಾಳ. ಕೊಳವೆಬಾವಿಯನ್ನು ನಂಬಿದ ಅಡಿಕೆ, ತೆಂಗಿನ ತೋಟಗಳು ಹಬ್ಬಿದಂತೆ ಈ ನೆಲೆ ಕಿರಿದಾಗುತ್ತದೆ. ಕೋರ ಹೋಬಳಿಯ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆದು, 2014ರಲ್ಲಿ ಆಹಾರ ಸಂಸ್ಕರಣೆಯ ಫುಡ್ ಪಾರ್ಕ್ ಉದ್ಘಾಟನೆಗೊಂಡಿತು. ಪೇಟೆಗೆ ಬರುವ ದಪ್ಪ ಬೋರೆಹಣ್ಣು ಈ ಕೊರತೆಯನ್ನು ತುಂಬುತ್ತದೆಂದು ಭಾವಿಸುವುದು ಸರಿಯಲ್ಲ. ಅಂತಹ ಕಸಿ ತಳಿಗಳಿಗೂ ಬೀಜದಿಂದೆದ್ದ ಗಟ್ಟಿ ಎಲಚಿಯ ಬೇರೇ ಆಧಾರ. ಬದುಗಳು ಅಳಿಯುವ ಮುನ್ನ ಊರೂರಿನ ಎಲಚಿಯ ರುಚಿ, ಗಾತ್ರ, ಮಾಗುವ ಕಾಲ ಮತ್ತು ಬಳಕೆಗಳನ್ನು ದಾಖಲಿಸುವುದು ಸ್ಥಳೀಯ ಚರಿತ್ರೆಕಾರರ ಮುಂದಿರುವ ಅಗತ್ಯ ಕಾರ್ಯವಾಗಿದೆ.