ಮಿದುಳಿಗೆ ಟೋಪಿ ತೊಡಿಸಿದರೆ ಭಾವನೆ ತಿಳಿದೀತೆ?

ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಹರಿದಾಗ ಹಿರಿಯೂರಿನ ರೈತರು ಸಂಭ್ರಮಿಸಿದರು. ಹೊಸದುರ್ಗ ತಾಲ್ಲೂಕಿನ ಹಿನ್ನೀರು ಪ್ರದೇಶದವರಿಗೆ ಜಮೀನು ಮುಳುಗುವ ಆತಂಕ. ಅಂದು ಇಬ್ಬರ ತಲೆಗೂ ಮಿದುಳಿನ ಚಟುವಟಿಕೆ ದಾಖಲಿಸುವ ಟೋಪಿ ತೊಡಿಸಿದ್ದರೆ, ಇಬ್ಬರಲ್ಲಿಯೂ ಉದ್ವೇಗವಿದೆ ಎಂಬುದು ತಿಳಿಯುತ್ತಿತ್ತೇನೋ. ಅದು ಹರ್ಷವೋ ಭಯವೋ ಎಂದು ಬೇರ್ಪಡಿಸುವುದೇ ಈ ತಂತ್ರಜ್ಞಾನದ ಕಠಿಣ ಭಾಗ.

ಸಾಮಾನ್ಯ ಎಂಆರ್‌ಐ ಯಂತ್ರವನ್ನು ಕೊಠಡಿಯಿಂದ ಹೊರತರಲಾಗದು. ಹೊತ್ತೊಯ್ಯಬಹುದಾದ ಸಾಧನಗಳು ಮುಖ್ಯವಾಗಿ ಎರಡು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿದ ಇಇಜಿ, ನೆತ್ತಿಯ ಮೇಲಿನ ವಿದ್ಯುತ್ ಏರಿಳಿತವನ್ನು ಅಳೆಯುತ್ತದೆ. ಕಣ್ಣು ಮಿಟುಕಿಸಿದರೂ ಸಾಕು, ಅದರ ಸಂಕೇತ ಮಿದುಳಿನ ಸಂಕೇತವನ್ನು ಮುಚ್ಚಿಹಾಕುತ್ತದೆ. ಇನ್ನೊಂದು, ಅವಕೆಂಪು ಬೆಳಕನ್ನು ತಲೆಬುರುಡೆಯ ಮೂಲಕ ಹಾಯಿಸಿ ರಕ್ತದ ಆಮ್ಲಜನಕದ ವ್ಯತ್ಯಾಸ ಗುರುತಿಸುವ ವಿಧಾನ. ದಟ್ಟ ಕೂದಲು ಇದಕ್ಕೆ ಅಡ್ಡಿ. ರಕ್ತದ ಪ್ರತಿಕ್ರಿಯೆಯೂ ಕೆಲವು ಸೆಕೆಂಡು ತಡ. ಬೆಳಕು ಮಿದುಳಿನ ಹೊರಪದರವನ್ನಷ್ಟೇ ತಲುಪುವುದರಿಂದ, ಭಯಕ್ಕೆ ನಿಕಟ ಸಂಬಂಧವಿರುವ, ಆಳದಲ್ಲಿರುವ ಅಮಿಗ್ಡಲಾ ಇದಕ್ಕೆ ಎಟುಕದು.

ಇಂಥ ಸಂಕೇತಗಳ ಮೇಲೆ ಅತಿ ನಂಬಿಕೆ ಇಟ್ಟರೆ ಏನಾದೀತೆಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಮುಕುಂದನ್, ಇಇಜಿ ಆಧರಿಸಿ ಆರೋಪಿಯ 'ಅನುಭವದ ನೆನಪು' ಪತ್ತೆ ಮಾಡುವ ಪರೀಕ್ಷೆಯನ್ನು ರೂಪಿಸಿದರು. ಇದು ಭಾವನೆಯನ್ನಲ್ಲ, ನೆನಪನ್ನು ಹುಡುಕುವ ಪರೀಕ್ಷೆ. ಆದರೆ ತೊಡಕು ಅದೇ. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಇದರ ವರದಿಯನ್ನೂ ಪರಿಗಣಿಸಿ ಶಿಕ್ಷೆ ವಿಧಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೇ ಬ್ರೈನ್ ಮ್ಯಾಪಿಂಗ್ ವೈಜ್ಞಾನಿಕವಲ್ಲ ಎಂದಿತು. ಒಂದೇ ಸಂಸ್ಥೆಯ ನಂಟಿನಿಂದ ಬಂದ ಎರಡು ಮಾತು!

2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ ಹಾಗೂ ಬ್ರೈನ್ ಮ್ಯಾಪಿಂಗ್ ಪರೀಕ್ಷೆ ನಡೆಸುವುದು ಅಸಾಂವಿಧಾನಿಕ ಎಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು ಎಂಬ 20(3)ನೇ ವಿಧಿ ಇದಕ್ಕೆ ಆಧಾರವಾಯಿತು. ಸ್ವಇಚ್ಛೆಯಿಂದ ಒಪ್ಪಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ನಂತರ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಕಾನೂನಿನ ಪ್ರಕಾರ ಪರಿಗಣಿಸಬಹುದು.